ಸಣ್ಣ ಬಟ್ಟಲಿನ ಲೆಕ್ಕಾಚಾರ

ಕಳೆದ ಮಾರ್ಚಿನಲ್ಲಿ ತೀರಿಕೊಂಡ ಒಬ್ಬರ ಬಗ್ಗೆ ಬರೆಯಲು ಕೂತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಹಿಡಿಸುತ್ತಿರಲಿಲ್ಲ ಎನ್ನುವುದು ನಾನು ಎಲ್ಲರಿಗೂ ಕೊಡುವ ಕಾರಣ. ನಿಜವಾದ ಕಾರಣ ಬೇರೆ. ಅವರು ಬರೆದ ಒಂದೇ ಒಂದು ಪುಸ್ತಕವನ್ನು ಯಾರಾದರೂ ಹುಡುಕಿ ತೆಗೆದು, ಕೃತಜ್ಞತೆಯ ಪುಟ ನೋಡಿಬಿಟ್ಟರೆ ಎಂಬ ಭಯ. ಆ ಪುಟದಲ್ಲಿ ಅವರ ಮನೆಯ ಹೀಟರ್ ರಿಪೇರಿ ಮಾಡಿದವನ ಹೆಸರಿದೆ. ಪಕ್ಕದ ಮನೆಯ ಬೆಕ್ಕಿನ ಹೆಸರೂ ಇದೆ. ಎರಡು ವರ್ಷ ಅವರ ಮನೆಯಲ್ಲಿದ್ದು, ಅವರು ಮಾಡಿದ ಸಾರು ಉಂಡು, ಆ ಪುಸ್ತಕಕ್ಕೆಂದೇ ಹದಿನಾಲ್ಕು ಪುಟದ ಎಂಜಿನಿಯರಿಂಗ್ ವರದಿ ಬರೆದುಕೊಟ್ಟ ನನ್ನ ಹೆಸರು ಮಾತ್ರ ಇಲ್ಲ. ಅದು ಅನ್ಯಾಯವೆಂದು ದೂರುತ್ತಿಲ್ಲ. ಬೆಕ್ಕಿಗಿಂತ ನಾನು ಆ ಪುಸ್ತಕಕ್ಕೆ ಮಾಡಿದ ಹಾನಿ ಹೆಚ್ಚು.

ಅವರ ಪರಿಚಯವಾದದ್ದು ಜರ್ಮನಿಯ ಆಖೆನ್‌ನಲ್ಲಿ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡಲು ಬಂದು, ರೂಮು ಸಿಗದೆ ಗೆಳೆಯನೊಬ್ಬನ ರೂಮಿನ ನೆಲದ ಮೇಲೆ ಮಲಗುತ್ತಿದ್ದ ದಿನಗಳು. ನಾನು ಅರ್ಜಿ ಹಾಕಿದ ಮನೆಗಳವರೆಲ್ಲ ನನ್ನನ್ನು ಕರೆದು, ಕಾಫಿ ಕೊಟ್ಟು, ನಿನ್ನ ಹವ್ಯಾಸಗಳೇನು ಎಂದು ಕೇಳಿ, ನಗುನಗುತ್ತ ಬೇರೆಯವರಿಗೆ ರೂಮು ಕೊಡುತ್ತಿದ್ದರು. ಒಂದು ದಿನ ಗೆಳೆಯ ಬಂದು ಹೇಳಿದ.

“ಮಗಾ, ಒಂದು ರೂಮಿದೆ. ಕನ್ನಡದವರೇ. ಮೈಸೂರಿನವ್ರು. ವಯಸ್ಸಾಗಿದೆ, ಒಬ್ರೇ ಇದಾರೆ. ಆದ್ರೆ ಹೋದವ್ರನ್ನೆಲ್ಲ ಟೆಸ್ಟ್ ಮಾಡಿ ವಾಪಸ್ ಕಳಿಸ್ತಾರಂತೆ.”

“ಏನ್ ಟೆಸ್ಟ್ ಗುರು?”

“ಗೊತ್ತಿಲ್ಲ. ಹೋಗ್ಬಂದವ್ರು ಯಾರೂ ಬಾಯಿ ಬಿಡ್ತಿಲ್ಲ.”

ಬಾಗಿಲು ತೆಗೆದವರು ಗಿಡ್ಡಗೆ, ತೆಳ್ಳಗೆ, ಕಾಟನ್ ಸೀರೆಯ ಮೇಲೆ ಬೆಟ್ಟ ಹತ್ತುವವರ ಜಾಕೆಟ್ ಹಾಕಿಕೊಂಡಿದ್ದರು. ಒಳಗೆ ಕೂರಿಸಿ, ನನ್ನ ಮುಂದೆ ಒಂದು ಹಳೆಯ ಕಾಫಿ ಫಿಲ್ಟರ್ ಇಟ್ಟರು. ಒಳಗಿನ ತಟ್ಟೆಯ ಹಿಡಿ ಮುರಿದುಹೋಗಿತ್ತು. “ಸರಿಮಾಡು,” ಅಂದರು. ನಾನು ಫೋನ್ ತೆಗೆದು, ಆನ್‌ಲೈನಿನಲ್ಲಿ ಹೊಸದು ಸಿಗುತ್ತದೆಂದು ತೋರಿಸಲು ಹೋದೆ. ಅವರು ಫೋನಿನ ಕಡೆ ನೋಡಲೂ ಇಲ್ಲ. “ಮರದಲ್ಲಿ ಮಾಡಕ್ಕಾಗಲ್ವಾ?” ಎಂದು ಒಂದು ಸವೆದ ಮರದ ಸೌಟು, ಒಂದು ಚಾಕು ತಂದುಕೊಟ್ಟರು. ನಾನು ಐದು ನಿಮಿಷ ಕೆತ್ತಿ, ಸೌಟಿಗೆ ಏನೂ ಆಗದ ಹಾಗೆ, ನನ್ನ ಹೆಬ್ಬೆರಳು ಮಾತ್ರ ಕೊಯ್ದುಕೊಂಡೆ. ಅವರು ಪಟ್ಟಿ ಕಟ್ಟುತ್ತ, “ರಕ್ತ ಸುರಿಸ್ಕೊಂಡು ಇನ್ನೆಲ್ಲಿಗೆ ಹೋಗ್ತೀಯ, ಇಲ್ಲೇ ಇರು,” ಅಂದರು. ಜರ್ಮನಿಯಲ್ಲಿ ನನಗೆ ಮನೆ ಸಿಕ್ಕಿದ್ದು ಹೀಗೆ. ಉಳಿದವರು ಯಾಕೆ ಬಾಯಿ ಬಿಡುತ್ತಿರಲಿಲ್ಲವೆಂದು ಆಗ ತಿಳಿಯಿತು.

“ಯಾವ ಊರು?” ಎಂದು ಕೇಳಿದರು, ಪಟ್ಟಿ ಕಟ್ಟುತ್ತಲೇ.

“ಬೆಂಗಳೂರು ಮೇಡಂ.”

“ಬೆಂಗಳೂರಲ್ಲಿ ಎಲ್ಲಿ?”

“ಸ್ವಲ್ಪ ಔಟ್‌ಸ್ಕರ್ಟ್ಸು.”

“ತಂದೆಯವರು ಏನ್ ಮಾಡ್ತಾರೆ?”

“ಟೆಕ್ಸ್‌ಟೈಲ್ ಬಿಸಿನೆಸ್.”

ನಮ್ಮೂರು ರಾಮನಗರ. ನಾನು ಹೇಳಿದ ಔಟ್‌ಸ್ಕರ್ಟ್ಸಿಗೆ ಬೆಂಗಳೂರಿನಿಂದ ರೈಲಿನಲ್ಲಿ ಹೋಗಬೇಕು. ಟೆಕ್ಸ್‌ಟೈಲ್ ಬಿಸಿನೆಸ್ ಎಂದರೆ ನಮ್ಮ ಮನೆಯ ಹಿಂದಿನ ಶೀಟಿನ ಮಾಡಿನಡಿ ನೂಲು ಬಿಚ್ಚುವ ನಾಲ್ಕು ಬೇಸಿನ್. ಅಪ್ಪ ಮಾರುಕಟ್ಟೆಯಿಂದ ರೇಷ್ಮೆಗೂಡು ತರುತ್ತಿದ್ದರು. ಅಮ್ಮ ಮತ್ತು ಇನ್ನು ಮೂವರು ಹೆಂಗಸರು ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಿದ್ದರು. ಬೆಂದ ಹುಳದ ವಾಸನೆ ನಮ್ಮ ಗೋಡೆಗೆ, ಹಾಸಿಗೆಗೆ, ನನ್ನ ಶಾಲೆಯ ಚೀಲಕ್ಕೆ ಎಲ್ಲಕ್ಕೂ ಹತ್ತಿಕೊಂಡಿತ್ತು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವಾರವೇ ಒಬ್ಬ ಮೂಗು ಮುಚ್ಚಿಕೊಂಡು ಪಕ್ಕದ ಬೆಂಚಿಗೆ ಹೋದ. ಅಂದಿನಿಂದ ನಾನು ಬೆಂಗಳೂರಿನವನಾದೆ. ಡಿಯೋಡರೆಂಟಿಗೆ ನಾನು ಸುರಿದ ದುಡ್ಡಿನಲ್ಲಿ ಅಪ್ಪ ಐದನೇ ಬೇಸಿನ್ ಹಾಕಬಹುದಿತ್ತು.

ಇಂಥವನಿಗೆ ಮನೆ ಕೊಟ್ಟ ಮೇಡಂ ಅವರ ಪ್ರಪಂಚದಲ್ಲಿ ಇದ್ದ ವಿಷಯ ಒಂದೇ: ಜಪಾನಿನಲ್ಲಿ ಕೈಗಾರಿಕೆ ಶುರುವಾದ ಕಾಲದಲ್ಲಿ, ರಾಜಧಾನಿಯಿಂದ ದೂರದ ಗುಡ್ಡಗಾಡಿನ ಊರುಗಳಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಇದನ್ನು ನಾನು ಕೇಳಿದ್ದು ಮೊದಲ ದಿನ ಊಟಕ್ಕೆ ಕೂತಾಗ. ಭೂಮಿಯ ಮೇಲಿನ ಎಷ್ಟೋ ವಿಷಯಗಳನ್ನು ಬಿಟ್ಟು, ನಾನು ತಪ್ಪಿಸಿಕೊಂಡು ಏಳು ಸಮುದ್ರ ದಾಟಿ ಬಂದ ಆ ಒಂದು ವಾಸನೆಯನ್ನೇ ಇವರು ಊಟದ ಮೇಜಿನ ಮೇಲೆ ಹರಡಿ ಕೂತಿದ್ದರು.

ಮದುವೆಯಾಗಿ ಮೈಸೂರಿನಿಂದ ಬಂದವರು. ಯಜಮಾನರು ಬೇಗ ಹೋಗಿಬಿಟ್ಟರು. ಮಗಳು ದೂರದ ಊರಿನಲ್ಲಿ. ಇವರು ಫೋನಿನಲ್ಲಿ ಕನ್ನಡದಲ್ಲಿ ಬೈದರೆ ಆಕೆ ಜರ್ಮನ್‌ನಲ್ಲಿ ಸಮಾಧಾನ ಹೇಳುತ್ತಿದ್ದಳು. ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಹಾಕುವ ಕೆಲಸ ಮಾಡುತ್ತಿದ್ದಾಗ ಯಾರೂ ಓದದ ಜಪಾನಿ ಪುಸ್ತಕಗಳ ಒಂದು ಕಪಾಟು ಇವರ ಪಾಲಿಗೆ ಬಂತಂತೆ. ಒಳಗಿರುವುದು ಏನೆಂದು ತಿಳಿಯದೆ ನಂಬರು ಹಾಕುವುದು ಇವರಿಗೆ ಅವಮಾನವೆನಿಸಿತು. ಐವತ್ತರ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿ ಜಪಾನಿ ಕಲಿತರು. ಡಾಕ್ಟರೇಟ್ ಇರಲಿಲ್ಲ. ಆ ಮಾತು ಬಂದರೆ, “ನನಗೆ ಗೈಡ್ ಇಲ್ಲ, ಅದಕ್ಕೇ ಕೆಲಸ ಬೇಗ ಸಾಗ್ತಿದೆ,” ಅನ್ನುತ್ತಿದ್ದರು.

ಅವರು ಇತಿಹಾಸ ಹೇಳುತ್ತಿದ್ದ ರೀತಿ ಪಕ್ಕದ ಬೀದಿಯ ಸುದ್ದಿ ಹೇಳುವವರದ್ದು. ಬದನೆಕಾಯಿ ಹೆಚ್ಚುತ್ತ ಶುರುಮಾಡುತ್ತಿದ್ದರು.

“ಸರ್ಕಾರದವ್ರು ಏನ್ ಮಾಡಿದ್ರು ಗೊತ್ತಾ? ಫ್ರಾನ್ಸಿಂದ ಕಬ್ಬಿಣದ ಯಂತ್ರ ತರಿಸಿದ್ರು. ಇಟ್ಟಿಗೆ ಕಟ್ಟಡ ಕಟ್ಟಿಸಿದ್ರು. ಹೇಳಿಕೊಡೋಕೆ ಅಲ್ಲಿಂದಲೇ ಜನ ಬಂದ್ರು. ಎಲ್ಲಾ ಭರ್ಜರಿ. ಹಣ ಮಾತ್ರ ಹುಟ್ಟಲಿಲ್ಲ. ಆಗ ಹಳ್ಳಿಯವರು ಹೋದ್ರು, ಕೈಕಟ್ಟಿ ನಿಂತ್ಕೊಂಡು ನೋಡಿದ್ರು, ವಾಪಸ್ ಬಂದ್ರು. ಕಬ್ಬಿಣ ಎಲ್ಲಿಂದ ತರೋದು? ಊರ ಬಡಗಿಯನ್ನ ಕರೆದು ಮರದಲ್ಲಿ ಮಾಡು ಅಂದ್ರು. ಲೋಹದ ಬಾಣಲೆಗೆ ಬದಲು ಕುಂಬಾರನ ಕೈಲಿ ಮಣ್ಣಿನ ಬಟ್ಟಲು. ಉಗಿ ಎಂಜಿನ್ನಿಗೆ ಬದಲು ಮನೆ ಮುಂದಿನ ಹೊಳೆ. ನಾಲ್ಕು ಮನೆಯವರು ಸೇರ್ಕೊಂಡು, ಒಂದೇ ಥರದ ನೂಲು ಮಾಡಿ, ಒಂದೇ ಗಂಟು ಕಟ್ಟಿ ಹಡಗಿಗೆ ಹಾಕಿದ್ರು. ತಿಳೀತಾ? ಜಪಾನ್ ಬೆಳೆದಿದ್ದು ಅರಮನೆ ಇದ್ದ ಊರಲ್ಲಷ್ಟೇ ಅಲ್ಲ ಕಣೋ. ಸೊಪ್ಪು ಹಾಕು.”

ಸೊಪ್ಪು ಹಾಕುವಾಗ ನಾನು ನಮ್ಮಪ್ಪನನ್ನು ನೆನೆಯುತ್ತಿದ್ದೆ. ಬೇಸಿನ್ನಿನ ಮೋಟಾರು ಕೆಟ್ಟಾಗ ಅವರು ಹಳೆಯ ಸೈಕಲ್ಲಿನ ಚೈನು, ಹೊಲಿಗೆ ಮಿಷಿನ್ನಿನ ಚಕ್ರ ಕಟ್ಟಿ ಹೇಗೋ ಓಡಿಸುತ್ತಿದ್ದರು. ಅದನ್ನು ಆ ಮೇಜಿನ ಮೇಲೆ ಹೇಳಿದ್ದರೆ ಮೇಡಂ ನನ್ನನ್ನು ತಲೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ನಾನು “ಇಂಟರೆಸ್ಟಿಂಗ್ ಮೇಡಂ” ಅಂದೆ.

ಆ ಕಾಲದಲ್ಲಿ ನನಗೆ ಸ್ಟಾರ್ಟಪ್ಪಿನ ಹುಚ್ಚೂ ಹಿಡಿದಿತ್ತು. ನನ್ನ ಯೋಜನೆ ಏನೆಂದು ಹೇಳಲು ಈಗ ಬರೆಯುವ ಕೈಯೂ ನಾಚುತ್ತಿದೆ. ಸಣ್ಣ ಊರುಗಳ ಉದ್ಯಮಿಗಳನ್ನು ಜಗತ್ತಿನ ಮಾರುಕಟ್ಟೆಗೆ ಜೋಡಿಸುವ ಆ್ಯಪ್! ಸಾಲ ತಂದ ಬ್ಲೇಜರ್ ಹಾಕಿಕೊಂಡು ಬರ್ಲಿನ್ನಿಗೆ ಹೋಗಿ, ಬಂಡವಾಳ ಹಾಕುವವರ ಮುಂದೆ ಐದು ನಿಮಿಷ ಮಾತಾಡಿ, ಅವರಲ್ಲೊಬ್ಬರು ಕೊಟ್ಟ ನೀರಿನ ಬಾಟಲಿಯೊಂದಿಗೆ ವಾಪಸ್ ಬಂದೆ. ಅದನ್ನೆಲ್ಲ ಕೇಳಿ ಮೇಡಂ ಕನ್ನಡಕದ ಮೇಲಿಂದ ನೋಡಿದರು.

“ನೀನು ಯಾವ ಸಣ್ಣ ಊರು ನೋಡಿದೀಯೋ?”

“ರಿಸರ್ಚ್ ಮಾಡಿದೀನಿ ಮೇಡಂ.”

ಹುಟ್ಟಿದಾರಭ್ಯ ಹದಿನೆಂಟು ವರ್ಷ ಮಾಡಿದ ರಿಸರ್ಚು.

ಈಗ ಆ ಚಿತ್ರದ ವಿಷಯಕ್ಕೆ ಬರುತ್ತೇನೆ. ಮೇಡಂ ಹತ್ತಿರ ಒಂದು ಹಳೆಯ ರೇಖಾಚಿತ್ರದ ನಕಲು ಇತ್ತು. ಸರೋವರದ ದಡದ ಯಾವುದೋ ಹಳ್ಳಿಯ ಒಬ್ಬ ನೂಲುಗಾರ, ಬಡಗಿಗೆ ತೋರಿಸಲೆಂದು ತಾನೇ ಬರೆದದ್ದು. ಮರದ ಉದ್ದನೆಯ ಕಟ್ಟೆ, ಅದರಲ್ಲಿ ಸಾಲಾಗಿ ಮಣ್ಣಿನ ದೊಡ್ಡ ಬಟ್ಟಲುಗಳು, ಮೇಲೆ ನೂಲು ಸುತ್ತುವ ರಾಟೆ. ವಿಶೇಷವೇನೆಂದರೆ ಪ್ರತಿ ದೊಡ್ಡ ಬಟ್ಟಲಿನ ಬಲಕ್ಕೆ ಒಂದು ಸಣ್ಣ ಬಟ್ಟಲಿತ್ತು. ಸರ್ಕಾರದ ಮಾದರಿ ಗಿರಣಿಯ ಯಾವ ನಕ್ಷೆಯಲ್ಲೂ ಅದು ಇಲ್ಲವೆಂದು ಮೇಡಂ ವರ್ಷಗಟ್ಟಲೆ ಹುಡುಕಿ ಖಚಿತಪಡಿಸಿಕೊಂಡಿದ್ದರು. ಹಾಗಾದರೆ ಇದು ಹಳ್ಳಿಯವರ ಸ್ವಂತ ಸೇರ್ಪಡೆ. ದೊಡ್ಡ ಬಟ್ಟಲಿನಲ್ಲಿ ಕುದಿನೀರು, ಸಣ್ಣದರಲ್ಲಿ ಉಗುರುಬೆಚ್ಚನೆಯ ನೀರು. ಬೆಂದ ಗೂಡನ್ನು ಅಲ್ಲಿಗೆ ತಂದು ಎಳೆಯ ತುದಿಯನ್ನು ನಾಜೂಕಾಗಿ ಹುಡುಕುತ್ತಿದ್ದರು, ಅದರಿಂದಲೇ ಅವರ ನೂಲು ಅಷ್ಟು ನುಣುಪು ಎಂಬುದು ಮೇಡಂ ಅವರ ತೀರ್ಮಾನ. ಪುಸ್ತಕದ ನಡುವಿನ ಅಧ್ಯಾಯ, ಅದರ ಬೆನ್ನುಮೂಳೆ, ಈ ಸಣ್ಣ ಬಟ್ಟಲಿನ ಮೇಲೆ ನಿಂತಿತ್ತು.

ಆ ಚಿತ್ರವನ್ನು ಮೇಜಿನ ಮೇಲಿಟ್ಟ ಕ್ಷಣವೇ ನನಗೆ ಗೊತ್ತಾಯಿತು. ನಮ್ಮಮ್ಮನ ಬೇಸಿನ್ನಿನ ಬಲಕ್ಕೂ ಒಂದು ಅಲ್ಯೂಮಿನಿಯಂ ಬಟ್ಟಲಿತ್ತು. ಅದರಲ್ಲಿರುತ್ತಿದ್ದದ್ದು ತಣ್ಣೀರು. ಬಿಸಿನೀರಿನಲ್ಲಿ ಗೂಡು ತಿರುವಿ, ಎಳೆ ಹಿಡಿದು, ಬೆರಳು ತಡೆಯದಾದಾಗ ಅಮ್ಮ ಆ ಬಟ್ಟಲಿಗೆ ಕೈ ಅದ್ದುತ್ತಿದ್ದರು. ಶಾಲೆಯಿಂದ ಬಂದ ನಾನು ಮೊದಲು ಮಾಡುತ್ತಿದ್ದ ಕೆಲಸ ನಾಲ್ಕೂ ಬಟ್ಟಲುಗಳ ನೀರು ಬದಲಿಸುವುದು.

“ನೀನು ಎಂಜಿನಿಯರ್ ಅಲ್ವೇನೋ,” ಅಂದರು ಮೇಡಂ. “ದೊಡ್ಡ ಬಟ್ಟಲಿನ ಕಾವು ಮಣ್ಣಿನ ಮೂಲಕ ಸಣ್ಣದಕ್ಕೆ ಹೋದ್ರೆ ಅಲ್ಲಿ ನೀರು ಎಷ್ಟು ಬೆಚ್ಚಗಿರತ್ತೆ ಅಂತ ಲೆಕ್ಕ ಹಾಕಿ ಕೊಡ್ತೀಯಾ?”

ಇಲ್ಲಿ ಒಬ್ಬ ಮರ್ಯಾದಸ್ಥ ಏನು ಹೇಳಬೇಕಿತ್ತು ಎಂಬುದು ಓದುವವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಹೇಳಿದರೆ ಮುಂದಿನ ಪ್ರಶ್ನೆ, ನಿನಗೆ ಹೇಗೆ ಗೊತ್ತು ಎಂದು. ಆಗ ಔಟ್‌ಸ್ಕರ್ಟ್ಸು, ಟೆಕ್ಸ್‌ಟೈಲು, ಎರಡು ವರ್ಷದ ‘ಇಂಟರೆಸ್ಟಿಂಗ್’ ಎಲ್ಲ ಒಂದರ ಮೇಲೊಂದು ಕುಸಿಯುತ್ತವೆ. ನಾನು “ಆಯ್ತು ಮೇಡಂ” ಅಂದೆ. ಅಷ್ಟಕ್ಕೇ ಸುಮ್ಮನಿದ್ದರೂ ಮಾನ ಉಳಿಯುತ್ತಿತ್ತೇನೋ. ಕೆಲಸ ಕೊಟ್ಟರೆ ನನಗೆ ಹುಮ್ಮಸ್ಸು. ಯೂನಿವರ್ಸಿಟಿಯ ಸಾಫ್ಟ್‌ವೇರಿನಲ್ಲಿ ಬಟ್ಟಲಿನ ಮಾದರಿ ಕಟ್ಟಿದೆ. ಮಣ್ಣು ಎಷ್ಟು ದಪ್ಪ, ಗಾಳಿ ಎಷ್ಟು ತಂಪು ಎಲ್ಲ ಹಾಕಿದೆ. ಕೆಂಪು, ಹಳದಿ, ನೀಲಿ ಬಣ್ಣದ ಗ್ರಾಫು ತೆಗೆದೆ. ತಣ್ಣೀರಿನ ಬಟ್ಟಲು ಎಷ್ಟು ಬೆಚ್ಚಗಿತ್ತೆಂದು ದಶಮಾಂಶದವರೆಗೆ ಸಾಧಿಸಿ ಹದಿನಾಲ್ಕು ಪುಟ ಬರೆದೆ. ನನ್ನ ಮಾಸ್ಟರ್ಸ್ ಥೀಸಿಸ್ಸಿಗೂ ಅಷ್ಟು ಶ್ರದ್ಧೆ ವಹಿಸಿರಲಿಲ್ಲ.

ಮೇಡಂ ಅದನ್ನು ಓದಿ ಕಣ್ಣೊರೆಸಿಕೊಂಡರು. ಇದನ್ನು ಹೇಳಲೇಬೇಕು. “ಇಷ್ಟು ವರ್ಷ ನಾನು ಒಬ್ಬಳೇ ಇದನ್ನ ನಂಬಿದ್ದೆ ಕಣೋ,” ಅಂದರು. ಅವತ್ತು ನನಗಾಗಿ ಬಿಸಿಬೇಳೆಬಾತ್ ಮಾಡಿದರು. ನಾನು ಎರಡು ಸಲ ಹಾಕಿಸಿಕೊಂಡೆ.

ಓದು ಮುಗಿಯಿತು. ಆ್ಯಪ್ ಸತ್ತಿತು. ದೂರದ ಊರು ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಭಾಗಗಳ ಕೆಲಸ ಸಿಕ್ಕಿ ಅತ್ತ ಹೋದೆ. ಮೇಡಂ ಪುಸ್ತಕ ತಿದ್ದುತ್ತಲೇ ಇದ್ದರು. ನಡುವೆ ಅವರ ಹೃದಯದ ತೊಂದರೆ ಜಾಸ್ತಿಯಾಯಿತು. ಅವರು ಸೈಕಲ್ ತುಳಿಯುವುದು ನಿಂತಿತು. “ಪುಸ್ತಕ ಒಂದು ಕೈಗೆ ಬರ್ಲಿ, ಆಮೇಲೆ ಇವರು ಏನ್ ಬೇಕಾದ್ರೂ ಕತ್ತರಿಸ್ಕೊಳ್ಳಲಿ,” ಎಂದು ಡಾಕ್ಟರುಗಳನ್ನು ದೂರ ಇಟ್ಟಿದ್ದರು. ಕೊನೆಗೆ ಒಬ್ಬ ಸಣ್ಣ ಪ್ರಕಾಶಕ ಒಪ್ಪಿದ. ಅಚ್ಚಿಗೆ ಹೋಗಲು ಇನ್ನೊಂದು ವಾರವಿದೆ ಎನ್ನುವಾಗ ನಮ್ಮಮ್ಮ ಮೂರು ತಿಂಗಳ ವೀಸಾದಲ್ಲಿ ನನ್ನ ಮನೆಗೆ ಬಂದರು.

ಅಮ್ಮ ಬಂದಿರುವುದು ಮೇಡಂಗೆ ಹೇಗೋ ತಿಳಿಯಿತು. ಕರೆದುಕೊಂಡು ಬಾ ಎಂದು ಹಟ ಹಿಡಿದರು. ನಾನು ಆಫೀಸು, ನೆಗಡಿ, ರೈಲ್ವೆ ಮುಷ್ಕರ ಎಲ್ಲ ಹೇಳಿ ನೋಡಿದೆ. ರೈಲು ನಿಜಕ್ಕೂ ಸರಿಯಾದ ಸಮಯಕ್ಕೆ ಬಂದ ಆ ವರ್ಷದ ಒಂದೇ ದಿನ ನಾವು ಆಖೆನ್‌ಗೆ ಹೊರಟೆವು. ದಾರಿಯುದ್ದಕ್ಕೂ ಅಮ್ಮನಿಗೆ ಪಾಠ ಹೇಳಿಕೊಟ್ಟೆ.

“ಅಮ್ಮಾ, ಅಲ್ಲಿ ಗೂಡು, ಬೇಸಿನ್ನು ಅಂತ ಎಲ್ಲಾ ಮಾತಾಡ್ಬೇಡ.”

“ಯಾಕ್ಲಾ? ಕೇಳುದ್ರೆ ಏನಂತ ಹೇಳ್ಲಿ?”

“ಟೆಕ್ಸ್‌ಟೈಲ್ ಅನ್ನು.”

“ಅಂಗಂದ್ರೆ?”

“ಬಟ್ಟೆ.”

“ಬಟ್ಟೆ ನಾವೆಲ್ಲಿ ಮಾಡ್ತೀವಿ ಮಗ? ನೂಲಲ್ವಾ?”

ನಾನು ಕಿಟಕಿಯ ಹೊರಗೆ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ, “ಆಯ್ತು ಬುಡು, ನಾನು ಬಾಯೇ ಬಿಡಲ್ಲ,” ಎಂದು ಸೆರಗಿನೊಳಗೆ ಕೈ ಸೇರಿಸಿಕೊಂಡು ಕೂತರು. ಚಳಿಗೆ ಹಾಗೆ ಕೂತಿದ್ದಾರೆಂದು ನಾನು ಅಂದುಕೊಂಡೆ.

ಊಟದ ಮೇಜಿನ ಮೇಲೆ ಚಿತ್ರದಲ್ಲಿದ್ದ ಆ ಕಟ್ಟೆಯ ಮಾದರಿ ಇತ್ತು. ಪುಸ್ತಕ ಬಿಡುಗಡೆಯ ದಿನ ಜನರಿಗೆ ತೋರಿಸಲೆಂದು ಮೇಡಂ ಆ ಚಿತ್ರವನ್ನು ನೋಡಿಕೊಂಡು ತಾವೇ ಮರದಲ್ಲಿ ಮಾಡಿದ್ದರು. ಮಣ್ಣಿನ ಬಟ್ಟಲುಗಳನ್ನು ಯಾವುದೋ ಕುಂಬಾರಿಕೆ ತರಗತಿಗೆ ಹೋಗಿ ತಿರುಗಿಸಿಕೊಂಡು ಬಂದಿದ್ದರು. ನಮ್ಮನ್ನು ಕೂರಿಸಿ, ಅಮ್ಮನ ಕೈಗೆ ನೀರಿನ ಲೋಟ ಕೊಟ್ಟು, “ಇದು ಏನು ಅಂತ ಗೊತ್ತಾಯ್ತೇನಮ್ಮಾ?” ಎಂದು ಕೇಳಿದರು.

ಅಮ್ಮ ನನ್ನ ಕಡೆ ನೋಡಿದರು. ನಾನು ಸೂರು ನೋಡಿದೆ. ಅಮ್ಮ ಏನೂ ಹೇಳಲಿಲ್ಲ, ಕೊಟ್ಟ ಮಾತಿನಂತೆ. ಮೇಡಂ ಕಾಫಿಗೆಂದು ಒಳಗೆ ಹೋದರು. ಅವರು ಟ್ರೇ ಹಿಡಿದು ವಾಪಸ್ ಬರುವ ಹೊತ್ತಿಗೆ ಅಮ್ಮ ಎದ್ದು ನಿಂತು, ತಮಗೆ ಕುಡಿಯಲು ಕೊಟ್ಟ ನೀರನ್ನು ಆ ಸಣ್ಣ ಬಟ್ಟಲಿಗೆ ಹುಯ್ಯುತ್ತಿದ್ದರು.

“ಯಾಕಮ್ಮಾ, ನೀರು ಬೇಡವಾಗಿತ್ತಾ?”

“ಅಯ್ಯೋ, ಅಂಗಲ್ಲ ಅಮ್ಮಾವ್ರೇ. ಬಟ್ಲು ಖಾಲಿ ಐತಲ್ಲ. ಕೂತ್ಕಂಡೋರು ಕೈ ಎಲ್ಲಿ ಅದ್ದಾರು?”

ಮೇಡಂ ಟ್ರೇ ಇಡಲಿಲ್ಲ. ಹಾಗೇ ಹಿಡಿದುಕೊಂಡು ನಿಂತರು. “ಬಿಸಿನೀರು ಹಾಕಬೇಕಾ?” ಎಂದು ಬಹಳ ಮೆಲ್ಲಗೆ ಕೇಳಿದರು.

“ಬಿಸಿ ಯಾಕೆ? ತಣ್ಣೀರೇ. ಸುಡೋದು ಆ ಕಡೆ ಐತಲ್ಲ.” ಆಮೇಲೆ ಅಮ್ಮನಿಗೆ ತಾನು ಬಾಯಿ ಬಿಟ್ಟದ್ದು ನೆನಪಾಗಿ ನನ್ನ ಕಡೆ ತಿರುಗಿ, “ಬಟ್ಟೆ, ಬಟ್ಟೆ ಯಾಪಾರ ನಮ್ದು,” ಅಂದರು.

ಭೂಮಿ ಬಾಯಿ ಬಿಡಬಾರದೇ ಎಂದು ಹಿಂದಿನವರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಆದರೆ ಜರ್ಮನಿಯಲ್ಲಿ ನೆಲವನ್ನು ಬಹಳ ಗಟ್ಟಿಯಾಗಿ ಹಾಕಿರುತ್ತಾರೆ. ಮೇಡಂ ಟ್ರೇ ಇಟ್ಟು, ಅಮ್ಮನ ಪಕ್ಕ ಕೂತು, ಸೆರಗಿನೊಳಗಿನ ಕೈಯನ್ನು ಕೇಳಿ ಪಡೆದು, ಕನ್ನಡಕ ಏರಿಸಿಕೊಂಡು ಒಂದೊಂದೇ ಬೆರಳನ್ನು ನೋಡಿದರು. ಬೆರಳ ತುದಿಗಳಲ್ಲಿ ಗೆರೆಯೇ ಇರಲಿಲ್ಲ. ಆಧಾರ್ ಮಾಡಿಸುವಾಗ ಆ ಮಿಷಿನ್ನು ಅಮ್ಮನ ಬೆರಳನ್ನು ಮತ್ತೆ ಮತ್ತೆ ಬೇಡವೆಂದಿದ್ದು ನನಗೆ ನೆನಪಿತ್ತು. ಅಲ್ಲೂ ನಾನು ದೂರ ಹೋಗಿ ನಿಂತಿದ್ದೆ.

“ಯಾವೂರಮ್ಮಾ ನಿಮ್ದು?” ಎಂದು ಮೇಡಂ ಅಮ್ಮನನ್ನೇ ಕೇಳಿದರು. ಅಮ್ಮ ಹೇಳಿದರು. ನನ್ನನ್ನು ಅವರು ಏನೂ ಕೇಳಲಿಲ್ಲ. ಬೈದಿದ್ದರೆ ನಾನು ಬಚಾವಾಗುತ್ತಿದ್ದೆ. ಎದ್ದು ಹೋಗಿ ಪ್ರಕಾಶಕನಿಗೆ ಫೋನ್ ಮಾಡಿ, ಅಚ್ಚು ನಿಲ್ಲಿಸಿ ಅಂದರು. ಆ ಕಡೆಯವನು, ಒಂದು ಸಣ್ಣ ಬಟ್ಟಲು ತಾನೆ, ಒಂದು ಅಡಿಟಿಪ್ಪಣಿ ಹಾಕಿದರೆ ಸಾಕು ಎಂದನೆಂದು ಕಾಣುತ್ತದೆ. “ಅಧ್ಯಾಯವೇ ತಪ್ಪು,” ಅಂದರು ಮೇಡಂ ಜರ್ಮನ್‌ನಲ್ಲಿ. ಅವನು ಮುಂದಿನ ವರ್ಷದ ಮಾತೆತ್ತಿದ. ಮುಂದಿನ ವರ್ಷ ಎಂಬುದು ಅವರ ಹತ್ತಿರ ಇದೆಯೋ ಇಲ್ಲವೋ ಎಂದು ಡಾಕ್ಟರುಗಳೇ ಹೇಳಲಾಗದ ಕಾಲ. ಮೇಡಂ ಒಂದು ಗಳಿಗೆ ಕಣ್ಣು ಮುಚ್ಚಿ, “ಆಗಲಿ,” ಅಂದರು. ಆ ‘ಆಗಲಿ’ಗೆ ಕಾರಣ ನಾನು. ಅದಕ್ಕಿಂತ ದೊಡ್ಡ ನಾಚಿಕೆಯನ್ನು ನಾನು ಈವರೆಗೆ ಅನುಭವಿಸಿಲ್ಲ, ನಾಚಿಕೆಯ ವಿಷಯದಲ್ಲಿ ನನಗೆ ಸಾಕಷ್ಟು ಅನುಭವವಿದ್ದರೂ.

ಫೋನಿಟ್ಟು ಬಂದು, “ಅಮ್ಮ ಇಲ್ಲೇ ಇರ್ಲಿ. ನಿನಗೆ ಆಫೀಸಿದೆಯಲ್ಲ, ನೀನು ಹೊರಡು,” ಅಂದರು.

ಅಮ್ಮ ಹತ್ತು ದಿನ ಅಲ್ಲಿದ್ದರು. ಸಂಜೆ ಫೋನ್ ಮಾಡಿದರೆ ಇಬ್ಬರೂ ನಗುತ್ತಿರುವುದು ಕೇಳುತ್ತಿತ್ತು. ಗೂಡು ಎಷ್ಟು ಹೊತ್ತು ಬೇಯಬೇಕು, ಎಳೆ ತುಂಡಾದರೆ ಹೇಗೆ ಸೇರಿಸುವುದು, ಕೈಯಲ್ಲಿ ಬೊಬ್ಬೆ ಎದ್ದ ದಿನ ಏನು ಮಾಡುತ್ತೀರಿ ಎಂದು ಮೇಡಂ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರಂತೆ. “ಮೈಸೂರು ರೇಷ್ಮೆ ಸೀರೆ ಉಟ್ಕೊಂಡು ಮದುವೆಗಳಿಗೆ ಹೋಗಿದ್ದೇ ಬಂತು ನಾನು,” ಎಂದು ಅಮ್ಮನ ಹತ್ತಿರ ಹೇಳಿಕೊಂಡರಂತೆ. ಅಧ್ಯಾಯ ಹೊಸದಾಗಿ ಬರೆದು ಮುಗಿಸಲು ಒಂದೂವರೆ ವರ್ಷ ಹಿಡಿಯಿತು. ಹೃದಯ ಅಲ್ಲಿಯವರೆಗೆ ಕಾಯಿತು. ಪುಸ್ತಕ ಕೈಗೆ ಬಂದ ಮೇಲೆ ನಾಲ್ಕು ತಿಂಗಳು ಇದ್ದರು. ಆ ಅಧ್ಯಾಯದಲ್ಲಿ ಈಗ ಯಂತ್ರಕ್ಕಿಂತ ಅದರ ಮುಂದೆ ಕೂತ ಹೆಣ್ಣುಮಕ್ಕಳ ವಿಷಯ ಹೆಚ್ಚಿದೆ. ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ನಮ್ಮಮ್ಮನದು. ಕೆಳಗೆ ಊರಿನ ಹೆಸರೂ ಸರಿಯಾಗಿದೆ.

ಅಮ್ಮನನ್ನು ಕರೆದುಕೊಂಡು ಬರಲು ಹೋದ ಮಧ್ಯಾಹ್ನದ ಮಾತು ಹೇಳಿ ಮುಗಿಸುತ್ತೇನೆ. ಊಟವಾಗಿತ್ತು. ಮೇಡಂ ಒಳಗಿನಿಂದ ನನ್ನ ವರದಿಯನ್ನು ತಂದು ನನ್ನ ಮುಂದಿಟ್ಟರು.

“ಅಮ್ಮನಿಗೆ ಓದಿ ಹೇಳು. ಕನ್ನಡದಲ್ಲಿ.”

“ಮೇಡಂ...”

“ನೀನು ಏನ್ ಕೆಲಸ ಮಾಡಿದೀಯ ಅಂತ ಅವರಿಗೂ ಗೊತ್ತಾಗ್ಲಿ. ಒಂದು ಸಾಲೂ ಬಿಡಬೇಡ.”

ಓದಿದೆ. ಬೇರೆ ದಾರಿ ಇರಲಿಲ್ಲ. ಅಮ್ಮ ಹೆಮ್ಮೆಯಿಂದ ಕೇಳುತ್ತಿದ್ದರು. ಮಗ ಇಷ್ಟು ದೊಡ್ಡ ಪುಸ್ತಕ ಬರೆದಿದ್ದಾನೆಂದು ಗ್ರಾಫಿನ ಬಣ್ಣಗಳನ್ನು ಬೆರಳಿನಿಂದ ಸವರಿ ನೋಡಿದರು. ಮೂರನೇ ಪುಟದಲ್ಲಿ, ಯಾವ ಯಾವ ಅಂಶಗಳನ್ನು ಲೆಕ್ಕದಿಂದ ಬಿಟ್ಟಿದ್ದೇನೆಂಬ ಪಟ್ಟಿಗೆ ಬಂದೆ. ಎಂಜಿನಿಯರುಗಳು ಹಾಕಲೇಬೇಕಾದ ಪಟ್ಟಿ ಅದು. ಕಿಟಕಿಯ ಗಾಳಿ ಬಿಟ್ಟಿದ್ದೇನೆ. ಗೂಡಿನ ತೂಕ ಬಿಟ್ಟಿದ್ದೇನೆ. ಮುಂದಿನ ಸಾಲು ಬಂದಾಗ ಹಾಳೆ ತಿರುವಲು ಹೋದೆ. ಮೇಡಂ ಕಾಯುತ್ತಿದ್ದರು.

“ಕೆಲಸ ಮಾಡುವವರ ಕೈಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದರ ಪರಿಣಾಮ ನಗಣ್ಯ.”

“ನಗಣ್ಯ ಅಂದ್ರೆ?” ಎಂದು ಕೇಳಿದರು ಅಮ್ಮ.

“ಅಂದ್ರೆ... ಇಲ್ಲ ಅನ್ನೋಷ್ಟು ಕಮ್ಮಿ ಅಂತ.”

ಅಮ್ಮ ಸ್ವಲ್ಪ ಯೋಚಿಸಿದರು. ಆಮೇಲೆ ನನಗೆ ಸಮಾಧಾನ ಮಾಡುವ ದನಿಯಲ್ಲಿ, “ಇರ್ಲಿ ಬುಡು ಮಗ. ಇಷ್ಟೊಂದ್ ಲೆಕ್ಕದಲ್ಲಿ ಕೈ ಎಲ್ಲಿ ಹಿಡಿಸ್ತದೆ,” ಅಂದರು.

ಮೇಡಂ ಎದ್ದು ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದರು.

ಅಮ್ಮ ಊರಿಗೆ ಹೊರಟ ಮೇಲೆ, ಮುಂದಿನ ಶನಿವಾರ, ನಾನು ಹಳೆಯ ಫೈಲು ತೆರೆದು ಕೂತೆ. ಒಂದು ಕೈ ಸೇರಿಸಿದೆ. ನಿಮಿಷಕ್ಕೆ ಎಷ್ಟು ಸಲ ಬಿಸಿನೀರಿಗೆ ಹೋಗುತ್ತದೆ, ಎಷ್ಟು ಸಲ ತಣ್ಣೀರಿಗೆ ಬರುತ್ತದೆ ಎಂದು ಅಮ್ಮನನ್ನೇ ಕೇಳಿ ಬರೆದುಕೊಂಡಿದ್ದೆ. ಬೆಳಗಿನಿಂದ ಸಂಜೆಯವರೆಗಿನ ಲೆಕ್ಕ ಹಾಕಿದೆ. ಎರಡು ಸಲ ಪರೀಕ್ಷಿಸಿದೆ. ಆಮೇಲೆ ಮೇಡಂಗೆ ಫೋನ್ ಮಾಡಿದೆ. ತಪ್ಪೊಪ್ಪಿಕೊಳ್ಳಲು ಮಾಡಿದ್ದೆಂದು ಈಗ ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಎಂಜಿನಿಯರಾಗಿ ನಾನು ಸರಿಯಿದ್ದೆ ಎಂದು ಹೇಳಲು ಮಾಡಿದ್ದು.

“ಮೇಡಂ, ಕೈ ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಏನೂ ವ್ಯತ್ಯಾಸ ಇಲ್ಲ.”



“ನೀರಿಗೆ ಇಲ್ಲ ಕಣೋ,” ಅಂದರು.